ಬಿಳಿ ನಾಲ್ಕು

ರಂಗಕ್ಕೆ ನನ್ನ ಬೆನ್ನು.
ಕಲಾಕ್ಷೇತ್ರದ ಎಡಮೂಲೆಯಲ್ಲಿ
ಕರಿಬಟ್ಟೆ ಮುಚ್ಚಿದ ಮೇಜು, ಕೀಬೋರ್ಡು,
ಒಂದು ಬಾಟಲಿ ನೀರು, ಕ್ಲಿಪ್ಪು ಹಾಕಿದ ಹಾಳೆ, ನಾನು.
ಹಾಗಾಗಿ ‘ಅರಿಶಿನದ ಬಾಗಿಲು’ ಹನ್ನೊಂದು ಪ್ರಯೋಗ ಕಂಡರೂ
ನಾನಿನ್ನೂ ಕಂಡಿಲ್ಲ.
ಕಂಡದ್ದು ನೋಡುವವರನ್ನು.

ಸಾವಿರದ ಇನ್ನೂರ ನಾಲ್ಕು ಕಂತು
ದಿನಾ ಎಂಟೂವರೆಗೆ ಮನೆಮನೆಯಲ್ಲಿ ಹರಿದದ್ದನ್ನು
ಎರಡು ಗಂಟೆ ಹತ್ತು ನಿಮಿಷಕ್ಕೆ ಹಿಂಡಿ
ಹದಿನಾಲ್ಕು ಹಾಡು ಬೆರೆಸಿದ್ದಾರೆ ನಮ್ಮ ಡೈರೆಕ್ಟರು ಪ್ರಭಂಜನ.
ಮೊದಲ ಸಾಲು ಪಾಸಿನವರದು. ಅವರು ಫೋನು ನೋಡುತ್ತಾರೆ.
ಕಥೆ ಶುರುವಾಗುವುದು ಏಳನೇ ಸಾಲಿನಿಂದ ಹಿಂದಕ್ಕೆ.

ಟೈಟಲ್ಲಿನ ರಾಗ ಎತ್ತಿದೆನೋ ಇಲ್ಲವೋ
ಯಾರೋ ಒಬ್ಬಾಕೆ ಸೀಟಿನಿಂದ ಅರ್ಧ ಎದ್ದು, ಕೂತಳು,
ಒಲೆಯ ಮೇಲೆ ಏನೋ ಇಟ್ಟು ಬಂದ ಹಾಗೆ.
ಯಶವಂತಪುರದ ಹೂವಿನ ಮುನಿಗಂಗಮ್ಮ
(ಹೆಸರು ಆಮೇಲೆ ಗೊತ್ತಾಯಿತು)
ಕತ್ತಲಲ್ಲೇ ಕಾಕಡ ಕಟ್ಟುತ್ತಿದ್ದಳು.
ಕಣ್ಣು ಇಲ್ಲಿ. ಬೆರಳು ಅವಳ ಮನೆಯ ಟಿವಿ ಮುಂದೆ.

ಅತ್ತೆ ಕನಕಾಂಬರಿ ಬಾಯ್ತೆರೆದು ಹಾಡಿದಾಗ
‘ಅಯ್ಯೋ, ಇವಳಿಗ್ಯಾಕಪ್ಪಾ ಇಷ್ಟು ಒಳ್ಳೇ ಗಂಟಲು!’ ಎಂದಿತು ಬಾಲ್ಕನಿ.
ಟಿವಿಯಲ್ಲಿ ಹಾಡಿದವಳಲ್ಲ. ಬರೀ ಹುಬ್ಬು ಹಾರಿಸಿದವಳು,
ಆರು ವರ್ಷ.
ಬೈಯಲೆಂದೇ ವ್ಯಾನು ಮಾಡಿಕೊಂಡು ಬಂದಿದ್ದ
ಬಸವೇಶ್ವರನಗರದ ಮಹಿಳಾ ಸಮಾಜ
ಚಪ್ಪಾಳೆಗೂ ಶಾಪಕ್ಕೂ ನಡುವೆ
ಕೈ ಎತ್ತಿ ಹಾಗೇ ಕೂತಿತು.

ಮುಖದ ಮೇಲೆ ಮೂರು ಸಲ ಎರಗಲು ಇಲ್ಲಿ ಕ್ಯಾಮೆರಾ ಇಲ್ಲ.
ಗುಡುಗೂ ಬೇಡ, ಅಗ್ಗ, ಎಂದಿದ್ದರು ಪ್ರಭಂಜನ.
ಭಾಮಿನಿ ಆ ಮನೆಯ ಮಗಳೇ ಎಂಬ ಸತ್ಯ ಬಿದ್ದ ಕ್ಷಣ
ನಾನು ಸುಮ್ಮನಿದ್ದೆ, ಹಾಳೆಯಲ್ಲಿ ‘ಮೌನ’ ಎಂದಿತ್ತು.
ಅವರೇ ಹೊಡೆದರು:
ಢಣ್. ಢಣ್. ಢಢಣ್.
ಏಳುನೂರು ಬಾಯಿ, ಒಂದೇ ತಾಳ.
ನಲವತ್ತು ರಿಹರ್ಸಲ್ಲಿಗೂ ಹೀಗೆ ಕೂಡಿರಲಿಲ್ಲ ನಮ್ಮ ಕೋರಸ್ಸು.

ಆಮೇಲೆ ಹಾಲಿನ ಲೋಟ.

ಭಾಮಿನಿ ಅದನ್ನು ಎತ್ತಬೇಕು.
(ಹಗಲು ಇವಳದು ಜಯನಗರದಲ್ಲಿ ಕನ್ನಡಕದಂಗಡಿ ಕೆಲಸ.)
ನಾನು ಬಿಳಿ ನಾಲ್ಕು ಒತ್ತಿ ಹಿಡಿಯಬೇಕು, ಎಂಟು ಎಣಿಕೆ.
ಅವಳು ಕುಡಿಯಬೇಕು.
ಐದಕ್ಕೆ, ಹದಿನಾರನೇ ಸಾಲಿನ ಮುದುಕರೊಬ್ಬರು ಎದ್ದು ನಿಂತು
ಮೆಲ್ಲಗೆ, ಮನೆಯ ಹುಡುಗಿಗೆ ಹೇಳುವಂತೆ:
‘ಬ್ಯಾಡ ಕಣಮ್ಮ. ಹೋದ್ಸಲಾನೂ ಕುಡಿದೆ.’

ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ.
ಎಂಟಾಯಿತು. ಒಂಬತ್ತು. ಹನ್ನೆರಡು.
ಬೆನ್ನ ಹಿಂದಿನದು ಎದುರಿನ ಮುಖಗಳಲ್ಲೇ ಓದಬೇಕು:
ಲೋಟ ಇನ್ನೂ ಗಾಳಿಯಲ್ಲಿದೆ.
ಮುನಿಗಂಗಮ್ಮನ ದಾರ ನಿಂತಿದೆ.
ಪಾಸಿನವರ ಫೋನೂ ತೊಡೆಯ ಮೇಲೆ ಬೋರಲಾಗಿದೆ.
ಬೆರಳು ನಡುಗಿತು, ಬಿಡಲಿಲ್ಲ.
ಬಿಟ್ಟರೆ ಕುಡಿದುಬಿಡುತ್ತಾಳೆ ಅನ್ನಿಸಿತು
ಕೂಲಿಗೆ ನುಡಿಸುವ ನನಗೂ.

ಇಪ್ಪತ್ತಮೂರಕ್ಕೆ ಕುಡಿದಳು.
ಮುಖಗಳೆಲ್ಲ ಒಟ್ಟಿಗೆ ಇಳಿದದ್ದರಿಂದ ತಿಳಿಯಿತು.
ಬರೆದದ್ದನ್ನು ಮೀರಲು ನಾವ್ಯಾರು,
ಷೋಗೆ ಸಾವಿರದೈನೂರರವರು.
ಮುದುಕರು ಕೂತು, ಪಕ್ಕದ ಹುಡುಗನಿಗೆ,
‘ಇನ್ನು ನಲವತ್ತು ಕಂತು ಏಳಲ್ಲ ನೋಡಿ’ ಎಂದರು.
ಇಲ್ಲಿ ಎರಡೇ ಹಾಡಿಗೆ ಎದ್ದಳು.
ಅದು ಅವರಿಗೆ ಹಿಡಿಸಲಿಲ್ಲ.

ಹೊರಗೆ, ಮೆಟ್ಟಿಲ ಮೇಲೆ,
‘ಅಭಿರುಚಿ ಕೆಟ್ಟುಹೋಯಿತು’ ಎಂದರು ಜುಬ್ಬಾದವರು, ಕನ್ನಡಕ ಒರೆಸುತ್ತ, ಕಣ್ಣನ್ನೂ.
‘ಟೈಟಲ್ ಯಾಕೆ ಇಳಿಸಿ ನುಡಿಸ್ತೀರಿ?
ನನ್ನ ಮಗಳ ಹೋಮ್‌ವರ್ಕ್ ಅದೇ ಶ್ರುತಿಗೆ ಮುಗೀತಿತ್ತು’
ಎಂದು ಒಬ್ಬರು ನನ್ನ ತೋಳು ಹಿಡಿದು ಜಗಳಕ್ಕೇ ಬಂದರು.

ಜೆ.ಸಿ. ರಸ್ತೆಯ ಬಸ್‌ಸ್ಟಾಪಿನಲ್ಲಿ ಮುನಿಗಂಗಮ್ಮ,
ಮಡಿಲಲ್ಲಿ ಏಳು ಮೊಳ.
ಆರನೆಯದರಲ್ಲಿ ನಾಲ್ಕು ಬೆರಳಗಲ
ಬರೀ ದಾರ.
ಆ ಮೊಳ ಕೊಡಮ್ಮ ಎಂದೆ.
‘ಅದು ಮಾರಂಗಿಲ್ಲ ಸಾಮಿ, ಕೆಟ್ಟೋಗದೆ’ ಎಂದು
ಬೀದಿದೀಪಕ್ಕೆ ಹಿಡಿದು, ಹಲ್ಲಲ್ಲಿ ತುದಿ ಕಚ್ಚಿ,
ಬಿಚ್ಚತೊಡಗಿದಳು.