ಅರ್ಧ ಕೆಜಿ ಕಲ್ಲು

ಹನ್ನೊಂದು ವರ್ಷ ನಾನು ಓದಿದ್ದು ಬರೀ ತಪ್ಪು.
ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ, ಕಟಿಂಗ್ ಮಷೀನಿನ ಪಕ್ಕ,
ಒಂದು ಕಾಲು ಅಲುಗುವ ಮೇಜಿನ ಮೇಲೆ
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಸಹಕಾರ ಸಂಘದ ವಾರ್ಷಿಕ ವರದಿ,
ಏಳನೇ ಕ್ಲಾಸಿನ ಗೈಡು.
ಎಲ್ಲಿ ಒತ್ತು ಉದುರಿದೆ, ಯಾರು ದೀರ್ಘ ನುಂಗಿದ್ದಾರೆ,
ಯಾವ ವರನ ಹೆಸರಿಗೆ ತಲೆಕಟ್ಟಿಲ್ಲ,
ಕೆಂಪು ಪೆನ್ನು ಹಿಡಿದು
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ಆರಿಸಿ ಆರಿಸಿ
ಅನ್ನದ ರುಚಿಯೇ ಮರೆತುಹೋಯಿತು.

ಮನೆಯಲ್ಲಿ ಪುಸ್ತಕ ಇರಲಿಲ್ಲವೆಂದಲ್ಲ.
ಮಲಗುವ ಮುಂಚೆ ಒಂದನ್ನು ತೆರೆಯುತ್ತಿದ್ದೆ.
ಮೂರನೇ ಸಾಲಿಗೇ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತಿತ್ತು,
ಕೈ ದಿಂಬಿನ ಕೆಳಗೆ ಪೆನ್ನು ಹುಡುಕುತ್ತಿತ್ತು.
ಮುಚ್ಚುತ್ತಿದ್ದೆ. ಫೋನು ತೆಗೆಯುತ್ತಿದ್ದೆ.
ಯಾರೋ ಎಲ್ಲೋ ಮೈಸೂರುಪಾಕು ಕತ್ತರಿಸುವುದನ್ನು ನೋಡುತ್ತ ನೋಡುತ್ತ
ಹನ್ನೆರಡೂವರೆ.
ಮೂರನೇ ಕ್ಲಾಸಿನ ಮಗಳು ಪ್ರಬಂಧದಲ್ಲಿ ಬರೆದಿದ್ದಳು:
‘ನನ್ನ ಅಮ್ಮನಿಗೆ ಓಧುವುದು ಎಂದರೆ ಪ್ರಾಣ.’
ಹೊಟ್ಟೆ ಸೀಳಿದ ಆ ಧಕಾರ ತಿದ್ದಿದೆ.
ಸುಳ್ಳನ್ನು ಹಾಗೇ ಬಿಟ್ಟೆ.

ಆಷಾಢದ ಒಂದು ಭಾನುವಾರ,
ಗವಿಪುರ ಗುಟ್ಟಹಳ್ಳಿಯ ಇಳಿಜಾರು, ದಸ್ತಗೀರನ ಹಳೇಪೇಪರ್ ಅಂಗಡಿ.
ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ಎರಡು ತಿಂಗಳ ಸುದ್ದಿ,
ಇನ್ನೊಂದರಲ್ಲಿ ಎರಡು ಕೆಜಿ ಕಬ್ಬಿಣ, ಅದರ ಮೇಲೆ
ರಟ್ಟಿಲ್ಲದ ದಪ್ಪ ಪುಸ್ತಕ, ಸುತಲಿ ಸುತ್ತಿದ್ದು.
‘ಇದೇನಪ್ಪ?’
‘ಅರ್ಧ ಕೆಜಿ. ಕಲ್ಲು ಕಳೆದೋಯ್ತು. ಇದು ಕರೆಕ್ಟಾಗಿ ಬರ್ತದೆ,
ಬೇಕಾದ್ರೆ ಎದುರು ಅಂಗಡೀಲಿ ತೂಗಿಸ್ಕೊಳ್ಳಿ.’

ಅವನು ಚಿಲ್ಲರೆಗೆಂದು ಒಳಗೆ ಹೋದಾಗ ಸುತಲಿ ಸರಿಸಿದೆ.
ಹೆಸರಿಲ್ಲ, ಬರೆದವರಿಲ್ಲ. ಒಂಬತ್ತನೇ ಪುಟದಿಂದ ಶುರು:
ಒಬ್ಬ ಹೆಂಗಸು ಬಾವಿಯ ಹಗ್ಗ ಬಿಚ್ಚಿ, ಸುರುಳಿ ಸುತ್ತಿ,
ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದಾಳೆ.
ಯಾಕೆ?
‘ಮೂರು ತೂಕ, ನೂರ ಐದು ರೂಪಾಯಿ ಅಮ್ಮಾ.’
ಹಗ್ಗ ಯಾಕೆ?
‘ಇದನ್ನ ಕೊಡ್ತೀಯಾ?’
‘ಕಲ್ಲು ಹೆಂಗೆ ಮಾರೋದು? ನಾಳೆ ಏನಿಟ್ಟು ತೂಗ್ಲಿ?’

ಸೋಮವಾರ ಊಟದ ಬಿಡುವಿನಲ್ಲಿ ಮಾರ್ಕೆಟ್ಟಿಗೆ ಹೋಗಿ
ಅರ್ಧ ಕೆಜಿಯ ಕಲ್ಲು ಕೊಂಡೆ, ಸರ್ಕಾರಿ ಮುದ್ರೆ ಒತ್ತಿದ್ದು.
ಸಂಜೆಯವರೆಗೂ ಬ್ಯಾಗಿನಲ್ಲಿ ಟಿಫನ್ ಡಬ್ಬಿಗೆ ಡಿಕ್ಕಿ ಹೊಡೆಯುತ್ತಿತ್ತು.
ದಸ್ತಗೀರ ಎರಡನ್ನೂ ಎದುರುಬದುರು ಇಟ್ಟ.
ಮುಳ್ಳು ತೂಗಾಡಿ, ತೂಗಾಡಿ, ನಿಂತಿತು.
ಪುಸ್ತಕದ ತಟ್ಟೆ ಒಂದು ಕೂದಲೆಳೆ ಕೆಳಗೆ.
‘ನಿಮ್ಗೇ ಲಾಭ’ ಅಂದ.

ಆ ರಾತ್ರಿ ಕುಕ್ಕರ್ ಎಷ್ಟು ಸಲ ಕೂಗಿತೋ ಎಣಿಸಲಿಲ್ಲ.
ಬೇಳೆ ಗಂಜಿಯಾಗಿತ್ತು. ಮಗಳು ತುಟಿಪಿಟಿಕ್ಕೆನ್ನದೆ ಉಂಡು
ದೂರ ಕೂತು ನನ್ನನ್ನೇ ನೋಡಿದಳು,
ಮನೆಯೊಳಗೆ ಬಂದ ಗುಬ್ಬಿಯನ್ನು ನೋಡುವ ಹಾಗೆ,
ಅಲುಗಿದರೆ ಹಾರೀತೆಂದು.
ಹನುಮಂತನಗರದ ಕೊನೇ ಬಸ್ಸು ಉಸಿರು ಕಟ್ಟಿ ಏರು ಹತ್ತಿತು.
ನೂರ ನಲವತ್ತನೇ ಪುಟ. ನೂರ ಎಂಬತ್ತು.

ಎರಡು ಪುಟ ದಾಟಿದ ಮೇಲೆ ಏನೋ ಚುಚ್ಚಿತು. ಹಿಂದಕ್ಕೆ ಮಗುಚಿದೆ.
‘ಅವಳು ಮಳೆಗೆ ಬೀಗ ಹಾಕಿ ಅಕ್ಕನ ಊರಿಗೆ ಹೊರಟಳು.’
ಮನೆಗೆ. ಮನೆಗೆ ಬೀಗ.
ಅಷ್ಟು ದೊಡ್ಡ ಳಕಾರ, ಹನ್ನೊಂದು ವರ್ಷದ ಕಣ್ಣು,
ಕಂಡೇ ಇರಲಿಲ್ಲ. ನಾನೂ ಅವಳ ಹಿಂದೆಯೇ
ಮಳೆಯ ಚಿಲಕ ಎಳೆದು, ಬೀಗ ಜಗ್ಗಿ ನೋಡಿ,
ಬೀಗದ ಕೈ ಸೆರಗಿಗೆ ಗಂಟು ಹಾಕಿ,
ಒಣಗಿದ ದಾರಿಯಲ್ಲಿ ಎರಡು ಪುಟ ನಡೆದುಬಂದಿದ್ದೆ.

ಪೆನ್ನು ದಿಂಬಿನ ಕೆಳಗೇ ಇತ್ತು.
ಇರಲಿ ಬಿಡು.
ಹಗ್ಗ ಇನ್ನೂ ಟ್ರಂಕಿನಲ್ಲಿದೆ.
ಅಕ್ಕನ ಊರು ಇನ್ನೂ ನಾಲ್ಕು ಮೈಲಿ.