ಮೇಜು ಮಾಡಲಿಕ್ಕೆ ಮೇಜು ಬೇಕು

ಕಾರು ಮಾರಿದ ಮೇಲೆ ಶೆಡ್ಡು ನನ್ನ ಪಾಲಿಗೆ ಬಂತು,
ಎಣ್ಣೆಯ ಕಲೆ ಸಮೇತ.
ಉರ್ವದ ಈ ಗಲ್ಲಿಯಲ್ಲಿ ಟೀಚರಮ್ಮನ ಗರಗಸ
ನಾಲ್ಕು ದಿನ ಸುದ್ದಿಯಾಯಿತು, ಆಮೇಲೆ ಬರಿ ಸದ್ದು.

ಹನ್ನೊಂದು ವರ್ಷದ ಹಿಂದೆ ಕುದ್ರೋಳಿಯಲ್ಲಿ
ಯಾರದೋ ಮನೆ ಕೆಡವಿದ ರಾಶಿಯಿಂದ
ಎರಡು ಹೆಬ್ಬಲಸಿನ ಹಲಗೆ, ಒಂದು ದಾರಂದ
ರಿಕ್ಷಾದಲ್ಲಿ ತಂದಿದ್ದೆ, ಅರ್ಧ ಹೊರಗೆ ಚಾಚಿ,
ತುದಿಗೆ ಕೆಂಪು ರವಿಕೆಯ ತುಂಡು ಕಟ್ಟಿ.
ನಾಗೇಶ ಆಚಾರ್ರು ನನ್ನನ್ನು ನೆಟ್ಟಗೆ ನಿಲ್ಲಿಸಿ,
'ಕೈ ಇಳಿಬಿಡಿ' ಎಂದು
ನೆಲದಿಂದ ಮಣಿಕಟ್ಟಿಗೆ ಅಳೆದರು:
ಮೂವತ್ತೊಂದೂವರೆ ಇಂಚು.
'ಕೆಲಸದ ಮೇಜು ರವಿಕೆ ಇದ್ದ ಹಾಗೆ ಟೀಚರೇ,
ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ.'

ಮೂರು ಕಾಲಿಗೆ ನಾಲಗೆ ಕೊಯ್ದೆ.
ನಾಲ್ಕನೆಯದನ್ನು ಬಿಗಿ ಹಿಡಿಯಲು
ಒಂದು ಗಟ್ಟಿ ಮೇಜು ಬೇಕಿತ್ತು.
ಮೇಜು ಮಾಡಲಿಕ್ಕೆ ಮೇಜು ಬೇಕು
ಎಂಬ ಮಾತಿನ ಮೇಲೆಯೇ ಕೂತುಬಿಟ್ಟೆ.

ಹಲಗೆಗಳೇನೂ ಖಾಲಿ ಕೂರಲಿಲ್ಲ.
ಅತ್ತೆ ಪ್ರತಿ ಬೇಸಗೆ ಅವುಗಳ ಮೇಲೆ
ಹಲಸಿನ ಹಪ್ಪಳ ಒಣಗಿಸಿದರು.
ಅಡಿಯಲ್ಲಿ ಬೆಕ್ಕು ಒಮ್ಮೆ ಮೂರು, ಒಮ್ಮೆ ಐದು ಹಾಕಿತು.
ನಾನು ಸ್ಟೂಲು, ಕಪಾಟು,
ಪಕ್ಕದ ಮನೆಯ ಪಾರಿವಾಳದ ಗೂಡು
ಎಲ್ಲ ಕುಕ್ಕರುಗಾಲಲ್ಲೇ ಮಾಡಿದೆ,
ಅಂಗಾಲಿನಿಂದ ಮರ ಒತ್ತಿ ಹಿಡಿದು.
ಮೊಣಕಾಲು ಲೆಕ್ಕ ಬರೆದಿಟ್ಟಿತ್ತು.

ಅಕ್ಟೋಬರ್ ರಜೆಯಲ್ಲಿ ಬಿಲ್ಲು ಬಂತು.
'ಇನ್ನು ನೆಲಕ್ಕೆ ಕೂರಬೇಡಿ' ಎಂದರು ಡಾಕ್ಟರು.
ಹಾಗೆ ಮೂಲೆಯಿಂದ ಹೊರಬಂತು ನಾಲ್ಕನೆಯ ಕಾಲು.
ಧೂಳು ಒರೆಸಿದರೆ ಪೆನ್ಸಿಲಿನ ಅಕ್ಷರ:
'ಎಡ, ಹಿಂದೆ. ಗೆರೆ ಉಳಿಸಿ ಕೊಯ್ಯು.'
ನನ್ನದೇ ಕೈ. ಆದರೂ
ಯಾರೋ ಸಣ್ಣ ಪ್ರಾಯದವಳು
ಕಂಡಾಬಟ್ಟೆ ಧೈರ್ಯದಲ್ಲಿ ಹೇಳಿಹೋದ ಹಾಗೆ.
ಸರಿ ಎಂದೆ. ಗೆರೆ ಉಳಿಸಿ ಕೊಯ್ದೆ.
ಹಿಡಿಯಲಿಕ್ಕೆ?
ಮಿಕ್ಸಿ ಬಂದಂದಿನಿಂದ ಬಾವಿಕಟ್ಟೆಯ ಬಳಿ ಬಿದ್ದ
ಕಡೆಯುವ ಕಲ್ಲಿಗೆ ಒತ್ತಿ ನಿಲ್ಲಿಸಿದೆ.
ಅಲುಗಲಿಲ್ಲ.
ಹನ್ನೊಂದು ವರ್ಷ ಅದು ಅಲ್ಲೇ ಇತ್ತು,
ಶೆಡ್ಡಿನಿಂದ ಹತ್ತು ಹೆಜ್ಜೆ.

ಕೀಸುಳಿ ಎಳೆದಾಗ ಹೊರಗಿನ ಬೂದಿ ಹೋಗಿ
ಒಳಗಿಂದ ಅರಸಿನ ಎದ್ದಿತು.
ಒಂದು ಕಡೆ ಟಕ್ ಎಂದು ಅಲಗು ಮುಕ್ಕಾಯಿತು:
ತಲೆ ಮುರಿದ ಮೊಳೆ.
ಯಾರ ಮನೆಯದೋ, ಯಾವ ವರ್ಷದ ಕ್ಯಾಲೆಂಡರು ಅಲ್ಲಿ ತೂಗಿತ್ತೋ!

ಆಚಾರ್ರು ಬಂದರು. ಈಗ ಅಲ್ಯುಮಿನಿಯಂ ಕಿಟಕಿ ಕೂರಿಸುತ್ತಾರೆ,
ಕೈಯಲ್ಲಿ ಮರದ ವಾಸನೆ ಇಲ್ಲ.
ಮೇಜಿಗೆ ಒಮ್ಮೆ ಸೊಂಟ ಕೊಟ್ಟು ನೂಕಿದರು,
ಕಿಸೆಯಿಂದ ಗೋಲಿ ತೆಗೆದು ಇಟ್ಟರು.
ಗೋಲಿ ಗೇಟಿನ ಕಡೆಗೆ ಓಡಿತು.
ನನ್ನ ಮುಖ ನೋಡಿರಬೇಕು,
ಮಟ್ಟಗೋಲನ್ನು ನೆಲಕ್ಕೆ ಇಟ್ಟು ನಕ್ಕರು:
'ಮೇಜು ಸರಿ ಉಂಟು. ಓರೆ ಇರುವುದು ನೆಲ.
ಕಾರು ತೊಳೆದ ನೀರು ಹೋಗಲಿಕ್ಕೆ
ಆಗ ಇಳಿಜಾರು ಕೊಟ್ಟದ್ದಲ್ಲವಾ?'
ಕಾಲಿನದೇ ಉಳಿದ ತುಂಡನ್ನು
ಎರಡು ಬೆಣೆ ಮಾಡಿ ಕೊಟ್ಟೆ.
ಗೋಲಿ ನಿಂತಿತು.

ಸಂಜೆ ಅತ್ತೆ ಬಂದು, ಸುತ್ತ ನೋಡಿ,
ಮೇಜಿನ ಮೇಲೆ ಅಂಗೈ ಆಡಿಸಿ
'ಒಳ್ಳೆದಾಯಿತು ಮಾರಾಯ್ತಿ' ಎಂದರು.
ಒಂದು ಗಳಿಗೆ ಬಿಟ್ಟು:
'ಇನ್ನು ಹಪ್ಪಳ ಎಲ್ಲಿ ಒಣಗಿಸುವುದು?'

ಹಾಗಾಗಿ ಹೊಸ ಮೇಜಿನ ಮೇಲೆ ಮೊದಲ ಕೆಲಸ
ಹಪ್ಪಳದ ಹಲಗೆ, ಎರಡು.
ಮರ ಇಟ್ಟೆ, ಅಳತೆ ಹಾಕಿದೆ,
ಪೆನ್ಸಿಲಿನಲ್ಲಿ ಬರೆದೆ: 'ಬೇಸಗೆಯ ಒಳಗೆ.'
ಯಾವ ಬೇಸಗೆ
ಎಂದು ಬರೆಯಲಿಲ್ಲ.