ಅರ್ಧ ಮಾತ್ರೆ

ಗೆರೆ ನೋಡಿ ಹೆಬ್ಬೆರಳ ಉಗುರಲ್ಲಿ ಮುರಿಯುತ್ತೇನೆ.
ಅರ್ಧ ಈಗ, ಅರ್ಧ ಚೀಟಿಯಲ್ಲಿ ಮಡಚಿ ಸಂಜೆಗೆ.

ಅಂತರಗಂಗೆಯ ಮೆಟ್ಟಿಲು. ಹೋದ ವರ್ಷ
ಅರವತ್ತನೆಯದಕ್ಕೇ ಎದೆ
ನಾಯಿ ಹೊಕ್ಕ ಕೋಳಿಗೂಡು;
ಗಡಿಯಾರದಲ್ಲಿ ನೂರ ಎಂಬತ್ತೆರಡು.
ಕಲ್ಲಿಗೊರಗಿ ಕೂತವನ ಕಡಲೆಪುರಿ
ಕೋತಿ ಕಸಿದರೂ ಗದರಲು ಉಸಿರಿಲ್ಲ.

ಈಗ ನೂರ ಹದಿನೆಂಟು. ದಾಟುವುದಿಲ್ಲ.
ಕಾಲು ಓಡೆನ್ನುತ್ತದೆ, ಎದೆ
"ಇರಪ್ಪಾ, ಬತ್ತೀನಿ" ಅನ್ನುತ್ತದೆ
ಊಟದ ಹೊತ್ತಿನ ತಾಲ್ಲೂಕಾಫೀಸಿನ ಹಾಗೆ.

ಮುನಿರತ್ನಮ್ಮ ಹಿಂದಿಕ್ಕಿ ಹೋಗುತ್ತಾಳೆ
ಚಪ್ಪಲಿ ಕೈಯಲ್ಲಿ ಹಿಡಿದು, ನಗುತ್ತಾ.
ಆ ನಗೆಗೆ ಮೊದಲು ಎದೆ ಹಾರುತ್ತಿತ್ತು.
ಈಗಲೂ ಹಾರಿತೇ?
ಮಾತ್ರೆ ಬಾಯಿ ಬಿಡುವುದಿಲ್ಲ.

ಮೇಲೆ ಕಲ್ಲಬಸವನ ಬಾಯಿಂದ ನೀರು,
ಓಡಿ ಬಂದವರಿಗೂ ತೆವಳಿ ಬಂದವರಿಗೂ
ಅದೇ ದಪ್ಪ, ಅದೇ ಸದ್ದು.
ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟು
ಬೊಗಸೆ ಒಡ್ಡಿದೆ.